ಗಟ್ಟಿ ಹಲ್ಲು

ಹಲ್ಲು ಹೊರಬಂದ ಕೂಡಲೇ ಗೌಸ್‌ನ ಕೈಗೆ ಗೊತ್ತಾಗಿಹೋಯಿತು. ಹುಳುಕು ಹಲ್ಲು ಬರುವ ರೀತಿಯೇ ಬೇರೆ. ಇಕ್ಕಳದಲ್ಲಿ ಹಿಡಿದು ನಾಲ್ಕು ಸಲ ಆಚೀಚೆ ಆಡಿಸಿದರೆ ಒಳಗೆಲ್ಲೋ ಸಡಿಲವಾಗಿ, ಸೋತು ಬರುತ್ತದೆ. ಇದು ಕಾಲು ಗಂಟೆ ಅವನ ಬೆವರಿಳಿಸಿ, ದವಡೆಯನ್ನೇ ಜೊತೆಗೆ ಎಳೆದುಕೊಂಡು ಬರುತ್ತೇನೆಂಬ ಹಟದಿಂದ ಬಂದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಎರಡು ಬೇರೂ ನೆಟ್ಟಗಿದ್ದವು. ಸಾಸಿವೆಯಷ್ಟು ಕಪ್ಪೂ ಇರಲಿಲ್ಲ.

ಕುರ್ಚಿಯಲ್ಲಿದ್ದ ಬೋರಮ್ಮ ಹತ್ತಿ ಕಚ್ಚಿಕೊಂಡು, ಏನಾಗಿತ್ತು ಎಂದು ಕಣ್ಣಲ್ಲೇ ಕೇಳಿದಳು.

"ಒಳಗೇ ಹುಳುಕಿತ್ತು," ಎಂದ ಗೌಸ್. "ಮೇಲಿಂದ ಕಾಣ್ತಿರ್ಲಿಲ್ಲ, ಅಷ್ಟೇಯ."

ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಕಾಲ ಬಳಿಯ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದ. ಬೋರಮ್ಮ ಕೈಮುಗಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬಸ್ಸು ಹಿಡಿಯಲು ಹೋದಳು.

ಹಾರೋಹಳ್ಳಿಯ ಸರ್ಕಲ್ಲಿನ ಹತ್ತಿರ ಗೌಸ್‌ನ ಅಂಗಡಿ ಇದ್ದದ್ದು. ಅವನಪ್ಪ ಬೆಂಗಳೂರಿನಲ್ಲಿ ಹಲ್ಲಿನ ಸೆಟ್ ಕಟ್ಟುವುದನ್ನು ಕಲಿತು ಬಂದು ಶುರು ಮಾಡಿದ್ದ. ಅಪ್ಪನ ಕೈಕೆಳಗೆ ಕಲಿತ ಗೌಸ್‌ಗೆ ಓದು ಏಳನೇ ಕ್ಲಾಸಿಗೆ ನಿಂತಿತ್ತು, ಕೈ ಮಾತ್ರ ಸುತ್ತಿನ ಐವತ್ತು ಹಳ್ಳಿಗೆ ಹೆಸರಾಗಿತ್ತು. ಕೈಗಾರಿಕಾ ಪ್ರದೇಶದಲ್ಲಿ ಒಂದೊಂದೇ ಫ್ಯಾಕ್ಟರಿ ಎದ್ದ ಮೇಲೆ ಊರಿಗೆ ಜನ ಬಂದರು, ಜನರ ಹಿಂದೆ ಬೇಕರಿ, ಮೊಬೈಲ್ ಅಂಗಡಿ ಬಂದವು, ಕಡೆಗೆ ಅವನ ಅಂಗಡಿಯ ಎದುರಿಗೇ ಗಾಜಿನ ಬಾಗಿಲಿನ ಡೆಂಟಲ್ ಕ್ಲಿನಿಕ್ಕೂ ಬಂತು. ಕನ್ನಡಕ ಹಾಕಿದ ಒಬ್ಬಳು ಹುಡುಗಿ, ನಿಜವಾದ ಡಾಕ್ಟರು, ಎಕ್ಸ್‌ರೇ ಮಿಷಿನ್ನು ಇಟ್ಟುಕೊಂಡು ಕೂತಿದ್ದಳು. ಗೌಸ್‌ನ ಬೆಂಚು ಖಾಲಿ ಇದ್ದ ದಿನಗಳಲ್ಲಿ ಆ ಗಾಜಿನ ಬಾಗಿಲು ಎಷ್ಟು ಸಲ ತೆರೆದು ಮುಚ್ಚಿತೆಂದು ಅವನಿಗೆ ತಿಳಿಯುತ್ತಿತ್ತು.

ಬೋರಮ್ಮನದು ಅಲ್ಲಿಂದ ಮೂರು ಮೈಲಿಯ ಹಳ್ಳಿ. ಗಂಡ ಮರಿಯಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಎರಡು ಹಸು, ಒಂದು ಕರು, ಮಗಳು ಭಾನುಪ್ರಿಯ. ಮಗಳು ಬ್ಯಾಟರಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಹೋಗುತ್ತಿದ್ದಳು. ಹಸು ಮೇಯುತ್ತಿದ್ದ ಗೋಮಾಳ ತಂತಿಬೇಲಿಯೊಳಗೆ ಸೇರಿಹೋದ ಮೇಲೆ ಬೋರಮ್ಮ ದಿನಾ ಕಾಡಂಚಿನ ಪೊದೆಗಳವರೆಗೆ ನಡೆದು ಹುಲ್ಲು ಕೊಯ್ದು ತರುತ್ತಿದ್ದಳು. ಚಿಕುನ್‌ಗುನ್ಯಾ ಊರೂರನ್ನೇ ಮಲಗಿಸಿದ ವರ್ಷ ಅವಳಿಗೂ ಜ್ವರ ಬಂತು, ಕೀಲುಗಳು ಹಿಡಿದುಕೊಂಡವು. ಎಲ್ಲರೂ ಎದ್ದು ಓಡಾಡುವಂತಾದರೂ ಅವಳ ಮಂಡಿಯ ನೋವು ಒಂದು ವಾರ ಹೋಗಿ ಮತ್ತೊಂದು ವಾರ ಬರುತ್ತಿತ್ತು. ಎಲ್ಲರಿಗೂ ಅದೇ ಜ್ವರ ಬಂದಿದ್ದರಿಂದ ಇವಳದು ಬೇರೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ನೋವು ದವಡೆಗೆ ಬಂತು.

ಮೊದಲ ಹಲ್ಲಿನ ಮೇಲೆ ಒಂದು ಕಪ್ಪು ಗುಳಿ ಇತ್ತು. ಅದನ್ನು ಕೀಳುವಾಗ ಗೌಸ್‌ಗೆ ಅನುಮಾನವೇ ಬರಲಿಲ್ಲ. ಹತ್ತು ದಿನಕ್ಕೆ ಅವಳು ಮತ್ತೆ ಬಂದು, ನೋವು ಪಕ್ಕದ್ದಕ್ಕೆ ಹೋಗಿದೆ ಎಂದಳು. ಗೌಸ್ ಬಡಿದು ನೋಡಿದ, ತಣ್ಣೀರು ಬಿಟ್ಟು ನೋಡಿದ. ಹಲ್ಲು ಕಲ್ಲಿನಂತಿತ್ತು. ಎದುರಿಗೆ ಹೋಗಿ ಒಂದು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಗಾಜಿನ ಬಾಗಿಲು ದಾಟಿದವರು ವಾಪಸು ಬಂದದ್ದನ್ನು ಅವನು ನೋಡಿರಲಿಲ್ಲ. ಸೂಜಿಗೆ ಔಷಧಿ ಎಳೆದುಕೊಂಡ.

ಆ ಎರಡನೆಯದಕ್ಕೆ ಒಂದು ಸಲ ಹುಳುಕಿತ್ತು ಎಂದ ಮೇಲೆ ಮುಂದಿನದಕ್ಕೂ ಅದನ್ನೇ ಅನ್ನಬೇಕಾಯಿತು. ಮೂರನೆಯದನ್ನು ಗೌರಿಹಬ್ಬಕ್ಕೆ ಮುಂಚೆ ಕಿತ್ತ. ನಾಲ್ಕನೆಯದಕ್ಕೆ ಒಪ್ಪದೆ ನೋವಿನ ಮಾತ್ರೆ ಕೊಟ್ಟು ಕಳಿಸಿದ. ಮಾರನೆಯ ದಿನ ಅವನು ಬಾಗಿಲು ತೆಗೆಯುವ ಮೊದಲೇ ಅವಳು ತಲೆಗೆ ಟವಲು ಬಿಗಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಕಣ್ಣು ಕೆಂಡವಾಗಿತ್ತು.

"ಕಿತ್ತಾಕ್ಬುಡಿ ಸಾಬ್ರೇ," ಎಂದಳು. "ತಲೇನೇ ಕೀಳ್ತೀನಿ ಅಂದ್ರೂ ಕೊಡ್ತೀನಿ."

ಅವನು ಕಿತ್ತ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಮುನವ್ವರಾಳ ಮುಂದೆ ವಿಷಯ ಬಾಯಿಬಿಟ್ಟ. ಅವಳು ಸಾರು ಬಡಿಸುವುದನ್ನು ನಿಲ್ಲಿಸಿ, ಆ ಹೆಂಗಸಿನ ಬಾಯಿಗೆ ಇನ್ನು ಕೈ ಹಾಕಬೇಡಿ, ಎದುರಿನ ಡಾಕ್ಟರಮ್ಮನ ಹತ್ತಿರ ಕಳಿಸಿಬಿಡಿ ಎಂದಳು. ಗೌಸ್‌ಗೆ ರೇಗಿತು. ಮೂವತ್ತು ವರ್ಷದ ಕೈ ಇದು, ನೆನ್ನೆ ಬಂದವಳನ್ನು ಕೇಳಿ ನಡೆಯಬೇಕೇ ಎಂದು ತಟ್ಟೆ ಸರಿಸಿ ಎದ್ದ. ಹೇಳಿದ್ದು ಅವಳಿಗಾದರೂ ರೇಗಿದ್ದು ಯಾರ ಮೇಲೆ ಎಂದು ಕೈ ತೊಳೆಯುವಾಗ ಅವನಿಗೇ ತಿಳಿದಿತ್ತು.

ದೀಪಾವಳಿಯ ವಾರ ಐದನೆಯದು ಹೋಯಿತು. ಮೂರೇ ದಿನಕ್ಕೆ ಸುದ್ದಿ ಬಂತು. ಬೋರಮ್ಮನ ಬಲಗಡೆಯ ಮುಖ ಜೋತುಬಿದ್ದಿತ್ತು, ಆ ಕಡೆಯ ಕಣ್ಣು ಮುಚ್ಚಲು ಬರುತ್ತಿರಲಿಲ್ಲ, ಕುಡಿದ ನೀರು ಬಾಯಿಯ ಸಂದಿಯಿಂದ ಇಳಿದುಹೋಗುತ್ತಿತ್ತು. ಸಾಬರ ಸೂಜಿ ನರಕ್ಕೆ ಚುಚ್ಚಿದೆ ಎಂದು ಹಾಲಿನ ಡೈರಿಯ ಹತ್ತಿರ ಜನ ಆಡಿಕೊಂಡರು. ಗೌಸ್‌ಗೂ ಹಾಗೇ ಅನ್ನಿಸಿತು. ಹೋಗಿ ನೋಡಲು ಧೈರ್ಯ ಸಾಲಲಿಲ್ಲ. ಅರ್ಧ ಷಟರ್ ಎಳೆದುಕೊಂಡು, ಯಾವುದೋ ಹಳೆಯ ಸೆಟ್ಟನ್ನು ಉಜ್ಜುತ್ತ ಕೂತ. ಮಗಳು ರಜೆ ಹಾಕಿ ತಾಯಿಯನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳೆಂದು ಆಮೇಲೆ ಕೇಳಿದ.

ಭಾನುಪ್ರಿಯ ಅಂಗಡಿಗೆ ಬಂದದ್ದು ಡಿಸೆಂಬರ್ ಕೊನೆಯಲ್ಲಿ, ಫ್ಯಾಕ್ಟರಿಯ ನೀಲಿ ಕೋಟಿನಲ್ಲೇ. ಗೌಸ್ ಎದ್ದು ನಿಂತ. ಅವಳು ಜಗಳಕ್ಕೆ ಬಂದಿರಲಿಲ್ಲ. ಬೆಂಚಿನ ಮೇಲೆ ಕೂತು ನಿಧಾನವಾಗಿ ಹೇಳಿದಳು. ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಅವ್ವನ ಕೆಲಸ ಏನು, ಎಲ್ಲೆಲ್ಲಿ ಓಡಾಡುತ್ತಾಳೆ ಎಂದೆಲ್ಲ ಕೇಳಿದರಂತೆ. ಹಿಂದೊಮ್ಮೆ ಕತ್ತಿನ ಹಿಂದೆ ಕಚ್ಚಿಕೊಂಡಿದ್ದ ಉಣ್ಣೆಹುಳವನ್ನು ಕಿತ್ತೆಸೆದದ್ದು, ಆಮೇಲೆ ಅಲ್ಲಿ ಬಳೆಯಷ್ಟಗಲ ಕೆಂಪಗೆ ಸುತ್ತುಹಾಕಿಕೊಂಡದ್ದು ಆಗ ಅವ್ವನಿಗೆ ನೆನಪಾಯಿತಂತೆ. ರಕ್ತ ಪರೀಕ್ಷೆಗೆ ಕಳಿಸಿದರು. ಉಣ್ಣೆಯಿಂದ ಬರುವ ಕಾಯಿಲೆ, ನಮ್ಮ ಕಡೆ ತೀರಾ ಅಪರೂಪ, ಮಂಡಿ ನೋವು, ದವಡೆ ನೋವು, ಮುಖ ಸೊಟ್ಟಗಾದದ್ದು ಎಲ್ಲ ಅದರದೇ ಎಂದರು. ಹೆಸರು ಲೈಮ್. ಲೈಮ್ ಎಂದರೆ ನಿಂಬೆಹಣ್ಣಲ್ಲವೇ ಎಂದು ಕೇಳಹೊರಟ ಗೌಸ್ ಸುಮ್ಮನಾದ. ಅವನ ಮೈಯೆಲ್ಲ ಕಿವಿಯಾಗಿತ್ತು. ಹಾಗಾದರೆ ಸೂಜಿಯಿಂದ ಆದದ್ದಲ್ಲ. ಎದೆಯ ಮೇಲಿನ ಕಲ್ಲು ಒಂದು ಗಳಿಗೆ ಇಳಿದಂತಾಯಿತು.

ಭಾನುಪ್ರಿಯ ಇನ್ನೂ ಮುಗಿಸಿರಲಿಲ್ಲ. ಮೂರು ವಾರ ದಿನಾ ಇಂಜೆಕ್ಷನ್ ಆಗಬೇಕಿತ್ತು. ಒಂದು ವಾರಕ್ಕೇ ನೋವು ಅರ್ಧ ಇಳಿದಿತ್ತು. ಅಷ್ಟರಲ್ಲಿ ಡಾಕ್ಟರು, ಹಲ್ಲಿಗೆ ಏನೂ ಆಗಿರಲಿಲ್ಲ ಅಂತ ಕಾಣುತ್ತೆ, ಗಟ್ಟಿ ಹಲ್ಲುಗಳನ್ನು ಸುಮ್ಮನೆ ಕೀಳಿಸಿಕೊಂಡಿದ್ದೀರಿ ಎಂದುಬಿಟ್ಟರು.

"ಅವ್ವ ಅವ್ರ್ ಮೇಲೆ ಜಗಳಕ್ಕೇ ನಿಂತ್ಬುಡ್ತು," ಎಂದಳು. "ನನ್ ಹಲ್ ನೋಡ್ದೋರು ನೀವಾ, ಗೌಸ್ ಸಾಬ್ರಾ? ಒಳಗೇ ಹುಳುಕಿತ್ತು ಅಂತ ಅವ್ರೇ ಹೇಳವ್ರೆ, ಸುಳ್ ಹೇಳೋ ಡಾಕ್ಟ್ರು ತಾವ ನಾನ್ ಸೂಜಿ ಹಾಕುಸ್ಕಳಲ್ಲ ಅಂತ ಎದ್ದು ಬಂದ್ಬುಡ್ತು. ನಾಕ್ ದಿನ ಆಯ್ತು. ಪೂರ್ತಿ ಮುಗಿಸ್ದಿದ್ರೆ ಮತ್ತೆ ಬತ್ತದಂತೆ."

ಗೌಸ್ ರಸ್ತೆಯ ಆಚೆ ನೋಡಿದ.

"ನಿಜ ಹೇಳಿ ಸಾಬ್ರೇ. ಹುಳುಕಿದ್ವಾ?"

ಅವನು ಗೋಡೆಯ ಮೊಳೆಯಿಂದ ಬೀಗ ತೆಗೆದುಕೊಂಡು, "ನಡಿಯವ್ವ, ನಾನೇ ಬತ್ತೀನಿ," ಎಂದ.

ದಾರಿಯಲ್ಲಿ ಒಂದು ಡಜನ್ ಏಲಕ್ಕಿ ಬಾಳೆಹಣ್ಣು ಕೊಂಡ. ಆಟೋ ಹಿಡಿದು ಇಬ್ಬರೂ ಹಳ್ಳಿಗೆ ಹೋದರು. ಬೋರಮ್ಮ ಜಗಲಿಯ ಬಿಸಿಲಿನಲ್ಲಿ ಕಾಲು ಚಾಚಿ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದಳು. ಅವನನ್ನು ಕಂಡು ಅವಳ ಅರ್ಧ ಮುಖ ಅರಳಿತು. ಇನ್ನರ್ಧ ಹಾಗೇ ಇತ್ತು. ಕೂತ್ಕಳಿ ಸಾಬ್ರೇ ಎಂದು ಚಾಪೆ ಎಳೆದಳು. ಊರಿನವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ, ನಿಮ್ಮ ಸೂಜಿಯಿಂದ ಆದದ್ದಲ್ಲವೆಂದು ನಾನೇ ಎಲ್ಲರಿಗೂ ಹೇಳಿದ್ದೇನೆ ಎಂದಳು. ಬೆಂಗಳೂರಿನ ಡಾಕ್ಟರ ವಿಷಯ ತೆಗೆದು, ನಿಮ್ಮನ್ನು ಅಂದರೆ ನಾನು ಬಿಡುತ್ತೇನೆಯೇ, ಚೆನ್ನಾಗಿ ಕೊಟ್ಟು ಬಂದೆ ಎಂದು ನಕ್ಕಳು. ನಗುವಾಗ ಬಲಗಡೆಯ ಖಾಲಿ ಒಸಡು ಕಂಡಿತು.

ಗೌಸ್ ಕೂರಲಿಲ್ಲ. ಬಾಳೆಹಣ್ಣಿನ ಚೀಲ ಕೈಯಲ್ಲೇ ಇತ್ತು.

"ಡಾಕ್ಟ್ರು ಹೇಳಿದ್ದು ದಿಟ ಬೋರಮ್ಮ," ಎಂದ. "ಮೊದಲ್ನೇದು ಒಸಿ ಹುಳುಕಿತ್ತು. ಮಿಕ್ಕಿದ್ ನಾಕೂ ಗಟ್ಟಿ ಇದ್ವು. ಕಿತ್ತಾಗ್ಲೇ ನಂಗೆ ಗೊತ್ತಾಯ್ತು."

ಅವಳ ಕೈ ನಿಂತಿತು. ಮಗಳ ಕಡೆ ನೋಡಿದಳು, ಮತ್ತೆ ಅವನ ಕಡೆ. ಮುಚ್ಚಲಾರದ ಬಲಗಣ್ಣಿನಿಂದ ನೀರು ತನ್ನ ಪಾಡಿಗೆ ಇಳಿಯುತ್ತಿತ್ತು. ಅದು ಅಳುವೋ ಕಾಯಿಲೆಯೋ ಹೇಳಲು ಬರುವಂತಿರಲಿಲ್ಲ.

"ಯಾಕೆ ಹುಳುಕಿತ್ತು ಅಂದ್ರಿ?"

"ಎದುರುಗಡೆ ಅಂಗ್ಡಿಗೆ ಹೋಗ್ಬುಡ್ತೀರ ಅಂತ."

ಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಗೌಸ್‌ಗೆ ನಿಲ್ಲುವುದು ಸುಲಭವಾಗುತ್ತಿತ್ತು.

"ನಾನ್ಯಾಕ್ ಹೋಗ್ತಿದ್ದೆ ಸಾಬ್ರೇ? ನಮ್ಮತ್ತೆಗೆ ಹಲ್ ಕಟ್ಕೊಟ್ಟಿದ್ದು ನಿಮ್ಮಪ್ಪ. ಹನ್ನೆರಡ್ ವರ್ಸ ಅದ್ರಲ್ಲೇ ಉಂಡು, ಅದ್ರ್ ಸಮೇತ ಮಣ್ಣಾದ್ಲು. ನೀವು ಹೋಗಿ ತೋರುಸ್ಕಂಡ್ ಬಾ ಅಂದಿದ್ರೆ, ತೋರುಸ್ಕಂಡು ತಿರ್ಗಾ ನಿಮ್ತಾವ್ಕೇ ಬತ್ತಿದ್ದೆ."

ಗೌಸ್ ತಪ್ಪಾಯಿತು ಎನ್ನಲು ಬಂದಿದ್ದ. ಆ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಚೀಲವನ್ನು ಜಗಲಿಯ ಅಂಚಿನಲ್ಲಿಟ್ಟ.

ಬೋರಮ್ಮ ಅದರ ಕಡೆ ನೋಡಲಿಲ್ಲ. ಬೆಂಗಳೂರಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಮಗಳನ್ನು ಕೇಳಿದಳು. ಆರೂವರೆಗೆ ಎಂದಳು ಭಾನುಪ್ರಿಯ. ಹಾಗಾದರೆ ಹಸು ಕರೆಯುವುದಕ್ಕೆ ಪಕ್ಕದ ಮನೆಯವರಿಗೆ ಹೇಳಿ ಬಾ ಎಂದಳು. ಮಗಳು ಹೋದಳು. ಬೋರಮ್ಮ ಪಾತ್ರೆಯನ್ನು ಮಡಿಲಿಗೆಳೆದುಕೊಂಡು ಮತ್ತೆ ಕೆಲಸ ಹಿಡಿದಳು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಗೌಸ್ ಬಿಸಿಲಿನಲ್ಲಿ ನಿಂತೇ ಇದ್ದ. ಅವಳ ಹೆಬ್ಬೆರಳು ಒತ್ತಿದಂತೆಲ್ಲ ಸಿಪ್ಪೆಯೊಳಗಿಂದ ಬಿಳಿಯ ಕಾಳು ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತಿತ್ತು, ಒಂದಾದ ಮೇಲೆ ಒಂದು.