ಕಾಲು ಎಟುಕದ ಗಾಡಿ

ನಮ್ಮಣ್ಣ ಹಿಡಿದ ಮೊಲಕ್ಕೆ ಮೂರೇ ಕಾಲು. ಸೈಕಲ್ ಅಂಗಡಿ ಚೆನ್ನಾಗಿಯೇ ನಡೆಯುತ್ತಿದ್ದಾಗ, ನಮ್ಮ ದೇಶದಲ್ಲಿ ಇನ್ನೂ ಯಾರೂ ಮಾಡದ ಮೋಟಾರ್ ಸೈಕಲ್ಲನ್ನು ನಾವೇ ಮಾಡಬೇಕೆಂದು ಹಟ ಹಿಡಿದ. ಸಮುದ್ರದಾಚೆಯಿಂದ ಬಂದ ಹಳೇ ಗಾಡಿಯೊಂದನ್ನು ತಂದು, ನಟ್ಟು ಬೋಲ್ಟು ಸಮೇತ ಬಿಚ್ಚಿ ನೆಲದ ಮೇಲೆ ಹರಡಿದ. ಅದನ್ನು ನೋಡಿ ಒಂದೊಂದೇ ಭಾಗ ಎರಕ ಹೊಯ್ದು, ಅರ ಹಾಕಿ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು.

ಸಿಲಿಂಡರ್ ಹೊಯ್ದಾಗಲೆಲ್ಲ ಬಿರುಕು ಬಿಡುತ್ತಿತ್ತು. ಅದನ್ನಾದರೂ ಸಹಿಸಿಕೊಂಡೆ. ಸಹಿಸಲಾಗದ್ದು ಸೀಟಿನ ಎತ್ತರ. ಆ ಗಾಡಿ ಮಾಡಿದವರು ಏಣಿಯಂಥ ಜನ.

"ಅಣ್ಣಾ, ಸೀಟು ನಾಲ್ಕು ಬೆರಳು ಇಳಿಸೋಣ. ನಮ್ಮ ಕಾಲು ನೆಲಕ್ಕೆ ಎಟುಕಲ್ಲ."

"ಆ ಗಾಡಿ ಹೇಗಿದೆಯೋ ಹಾಗೇ ಬರ್ಬೇಕು. ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು."

"ಅವರ ಕಾಲು ಎಲ್ಲಿಂದ ತರ್ತೀಯ?"

"ತಲೆಹರಟೆ ಬೇಡ. ಅರ ಎತ್ಕೋ."

ಅವನಿಗೆ ಹೇಳುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ಅಂತೂ ಗಾಡಿ ಸಿದ್ಧವಾಗಿ ಮೈದಾನಕ್ಕೆ ಬಂತು. ಬೀದಿಗೆ ಬೀದಿಯೇ ನೆರೆಯಿತು. ಅಣ್ಣ ಹತ್ತಿ ಕೂತ, ನಾನು ಹಿಂದಿನಿಂದ ತಳ್ಳಿದೆ. ಎಂಜಿನ್ ಕೆಮ್ಮಿತು, ಆಮೇಲೆ ಗುಡುಗಿತು. ಅಷ್ಟು ಬೈದುಕೊಂಡಿದ್ದ ನಾನೂ ಶಿಳ್ಳೆ ಹಾಕಿದೆ. ಅಣ್ಣ ಒಂದು ಸುತ್ತು ಬಂದ, ಜನ ಚಪ್ಪಾಳೆ ತಟ್ಟಿದರು. ಮತ್ತೊಂದು ಸುತ್ತು ಬಂದ. ಮತ್ತೂ ಒಂದು.

"ಇವ್ರು ಯಾಕೆ ನಿಲ್ಲಿಸ್ತಿಲ್ಲ?" ಎಂದರು ಅತ್ತಿಗೆ.

"ನಿಲ್ಲಿಸಿದ್ರೆ ಕಾಲೂರಬೇಕಲ್ಲ, ಅತ್ತಿಗೆ."

ಅತ್ತಿಗೆ ಹಣೆ ಹಣೆ ಬಡಿದುಕೊಂಡರು. ಪೆಟ್ರೋಲ್ ಮುಗಿಯುವವರೆಗೂ ಅಣ್ಣ ಸುತ್ತಿದ. ಗಾಡಿ ತೂರಾಡತೊಡಗಿದಾಗ ಹಿಡಿಯಲು ಓಡಿದೆ. ನನ್ನ ಕೈಗೆ ಸಿಗುವ ಮೊದಲೇ ಮಗ್ಗುಲಿಗೆ ಉರುಳಿತು, ಅಣ್ಣನ ಕಾಲಿನ ಮೂಳೆ ಮುರಿಯಿತು.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದಲ್ಲಿಗೇ ಅವನಿಗೆ ಗರಗಸದ ಸದ್ದು ಕೇಳಿಸಿತು.

"ಫ್ರೇಮ್ ಕುಯ್ಯೋಕೆ ಯಾರು ಹೇಳಿದ್ದು?"

"ನಾನು," ಎಂದರು ಅತ್ತಿಗೆ. "ಸುಮ್ನೆ ಮಲ್ಕೊಳ್ಳಿ."

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೋಲೂರಿಕೊಂಡು ಬಂದು, ತಗ್ಗಿಸಿದ ಸೀಟಿನ ಮೇಲೆ ಕೂತ. ಎರಡೂ ಪಾದ ನೆಲಕ್ಕೆ ಊರಿದವು. ಗಾಡಿಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದ.

"ಮೊಣಕಾಲು ಸ್ವಲ್ಪ ಮಡಚ್ಕೊಳ್ಳತ್ತೆ," ಎಂದ ಕೊನೆಗೆ.

ನನ್ನ ಮೈಯೆಲ್ಲ ಉರಿಯಿತು.

ಅಂಥವೇ ಗಾಡಿಗಳನ್ನು ಮಾಡಿ ಮಾರತೊಡಗಿದೆವು. ಮೊದಲು ಕೊಂಡವರು ಅಂಚೆಯವರು. ನೋಡಲು ಬಂದವರ ಮುಂದೆಲ್ಲ ಅಣ್ಣ ಸೀಟು ತಟ್ಟಿ, "ನಮ್ಮ ಜನರ ಕಾಲಿಗೆ ತಕ್ಕ ಹಾಗೆ ನಾನೇ ಯೋಚಿಸಿ ಇಳಿಸಿದ್ದು," ಎನ್ನುತ್ತಿದ್ದ.

ನಾನು ಅತ್ತಿಗೆಯ ಮುಖ ನೋಡಿದೆ.

"ಹೋಗ್ಲಿ ಬಿಡಪ್ಪ," ಎಂದರು. "ಮುರಿದ ಕಾಲಾದ್ರೂ ಅವರದೇ ತಾನೆ."