ಆಚೆಗೆ ತಿರುಗುವ ಮೋಟಾರು

ಎರಡು ಗಾಜಿನ ಕೊಳವೆಗಳ ಬಾಯಿ ಉರಿಯಲ್ಲಿ ಕೆಂಪಾಗಿ ಒಂದನ್ನೊಂದು ಕಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಪಕ್ಕದ ಕೋಣೆಯಲ್ಲಿ ಪಿಸುಮಾತು ಶುರುವಾಯಿತು. ಅವಳು ಏಳುವಂತಿರಲಿಲ್ಲ. ಬರ್ನರ್ ಮುಂದೆ ಕೂತವರು ಬೆರಳು ನಿಲ್ಲಿಸಿದರೆ ಮೆತ್ತಗಾದ ಗಾಜು ಜೋತುಬೀಳುತ್ತದೆ. ಊದುವ ರಬ್ಬರ್ ನಳಿಕೆ ತುಟಿಗಳ ನಡುವೆ ಇದ್ದುದರಿಂದ ಕೂಗಿ ಕೇಳುವಂತೆಯೂ ಇರಲಿಲ್ಲ. ಎರಡೂ ಕೈಯಲ್ಲಿ ಕೊಳವೆಯನ್ನು ತನ್ನ ಕಡೆಗೆ ಉರುಳಿಸುತ್ತಾ, ಕಿವಿಯೊಂದನ್ನು ಗೋಡೆಗೆ ಕೊಟ್ಟು ಕೂತಳು. ಗಂಡ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಮೈದುನ, "ಅತ್ತಿಗೆಗೆ ಗೊತ್ತಾದ್ರೆ?" ಅಂದ. ಬಾಗಿಲು ಮುಚ್ಚಿಕೊಂಡಿತು.

ಬೆಸುಗೆ ಮುಗಿಸಿ ಎದ್ದು ಹೋಗುವಷ್ಟರಲ್ಲಿ ಅಣ್ಣ ತಮ್ಮಂದಿರು ಸೆಕೆಯ ಬಗ್ಗೆ ಮಾತಾಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಇಬ್ಬರೂ. ಮೇಜಿನ ಮೇಲೆ, ಹಳೆ ಟವೆಲಿನಡಿ, ಏನೋ ಉಬ್ಬಿಕೊಂಡಿತ್ತು.

ಮೋಟಾರು ರಿಪೇರಿ ಮಾಡುವ ಮೈದುನ ಗಾಜು ತಿರುಗಿಸುವ ಯಂತ್ರವೊಂದನ್ನು ತಯಾರು ಮಾಡುತ್ತಿರುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕೊಳವೆಯ ಒಂದು ತುದಿಯನ್ನು ಅದರ ಹಿಡಿಯೊಳಗೆ ಸಿಕ್ಕಿಸಿ ಕಾಲಲ್ಲಿ ಪೆಡಲ್ ಒತ್ತಿದರೆ, ಮೋಟಾರೇ ಕೊಳವೆಯನ್ನು ಉರಿಯಲ್ಲಿ ತಿರುಗಿಸುತ್ತದೆ. ಕುಲುಕದೆ, ದಣಿಯದೆ. ಅವನು ಟವೆಲ್ ಸರಿಸಿ, ಇದು ನಿಮಗೋಸ್ಕರವೇ ಅತ್ತಿಗೆ, ಇನ್ನು ನಿಮ್ಮ ಕೈಗೆ ಪಿಂಚಣಿ ಎಂದು ನಕ್ಕ.

"ನನ್ನ ಕೈಗೆ ಏನಾಗಿದೆ ಅಂತ ನಿನಗೆ ಹೇಳಿದ್ಯಾರಪ್ಪಾ?"

ಅವನು ಅಣ್ಣನ ಮುಖ ನೋಡಿದ. ಅಣ್ಣ ಮೇಜು ಒರೆಸತೊಡಗಿದ. ಮೇಜು ಆಗಲೇ ಕನ್ನಡಿಯಂತಿತ್ತು.

ಅದನ್ನು ಬರ್ನರ್ ಪಕ್ಕಕ್ಕೆ ಇಡಿಸಿ ಕೂತು ನೋಡಿದಳು. ಉದ್ದದ ಕೊಳವೆಯನ್ನು ಮೋಟಾರು ತಿರುಗಿಸಿತು, ಚಿಕ್ಕದನ್ನು ಅವಳ ಕೈ ತಿರುಗಿಸಿತು, ಎರಡೂ ಕೂಡಿದ್ದೇ ತಡ ಬೆಸುಗೆ ಹಿಂಡಿದ ಒದ್ದೆ ಬಟ್ಟೆಯಂತೆ ಮುರಿಗೆಯಾಯಿತು. ಮೋಟಾರು ಆಚೆಗೆ ತಿರುಗುತ್ತಿತ್ತು. ಅವಳ ಕೈ ಈಚೆಗೆ, ಅಪ್ಪ ಕಲಿಸಿದಂತೆ. ಗಂಡನದು ಆಚೆಗೆ. ಮದುವೆಯಾದ ಹೊಸದರಲ್ಲಿ ಬಿಸಿ ಗಾಜನ್ನು ಕೈಯಿಂದ ಕೈಗೆ ದಾಟಿಸಲು ಹೋಗಿ ಹೀಗೇ ಮುರಿಗೆಯಾಗಿತ್ತು. ಅಂದಿನಿಂದ ಎದುರುಬದುರು ಕೂತರೂ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದವರಲ್ಲ.

ಈಚೆಗೆ ತಿರುಗುವ ಹಾಗೆ ಮಾಡಿಕೊಡು ಎಂದಳು. ಆಗಲ್ಲ, ಹಿಡಿಯನ್ನು ತಿರುಪು ಹಾಕಿ ಬಿಗಿದಿದ್ದೀನಿ, ಈಚೆಗೆ ತಿರುಗಿಸಿದರೆ ತಿರುಪು ಬಿಚ್ಚಿ ಹಿಡಿಯೇ ಕಳಚಿಬೀಳುತ್ತೆ ಎಂದ ಅವನು.

"ನನಗೋಸ್ಕರ ಮಾಡಿದ್ದಾದ್ರೆ ತಿರುಪು ಕಡೆಯುವಾಗಲೇ ಕೇಳ್ತಿದ್ದೆ ನೀನು. ನನ್ನ ಕೈ ಯಾವ ಕಡೆ ತಿರುಗುತ್ತೆ ಅನ್ನೋದು ಈ ಮನೆ ಬೆಕ್ಕಿಗೂ ಗೊತ್ತು."

ಮೈದುನನಿಗೆ ಏನೋ ತುರ್ತು ಕೆಲಸ ನೆನಪಾಯಿತು.

ಅಂದಿನಿಂದ ಅವಳಿಗೆ ಅನುಮಾನ ಹತ್ತಿತು. ಕೆಲಸ ಕಲಿಸಿಕೊಡಿ ಎಂದು ಕೇಳಿಕೊಂಡು ಬಂದಿದ್ದ ಹುಡುಗಿಯೊಬ್ಬಳನ್ನು ಗಂಡ ನೋಡೋಣ ಎಂದು ಕಳಿಸಿದ್ದ. ನೋಡೋಣ ಎಂದರೆ ಆಗಲಿ ಎಂದೇ ಅರ್ಥ, ಅವನ ಬಾಯಲ್ಲಿ. ಅವನ ಹತ್ತಿರ ಕಲಿತವರು ಅವನಂತೆ ಆಚೆಗೇ ತಿರುಗಿಸುತ್ತಾರೆ. ಮೋಟಾರಿದ್ದರೆ ವರ್ಷಗಟ್ಟಲೆ ಕಲಿಯುವುದೂ ಬೇಡ, ಪೆಡಲ್ ಒತ್ತಲು ಬಂದರೆ ಸಾಕು. ಈ ಮನೆಯಲ್ಲಿ ಅಡುಗೆಮನೆ ಅತ್ತೆಯದಾಗಿತ್ತು, ಮಕ್ಕಳು ಓದಿನವರಾದರು, ಊರವರ ಬಾಯಲ್ಲಿ ಗಾಜಿನ ಸಾಮಾನಿನ ಅಂಗಡಿ ಗಂಡನದು. ಅವಳದು ಎಂದು ಇದ್ದದ್ದು ಆ ಬರ್ನರ್ ಮುಂದಿನ ಸ್ಟೂಲು ಒಂದೇ. ಅದರಿಂದ ಎಬ್ಬಿಸಿದರೆ ಅವಳು ಎಲ್ಲಿ ಕೂರಬೇಕು?

ಒಡೆದ ಗಾಜು ಹಾಕುವ ಡಬ್ಬ ಖಾಲಿ ಮಾಡುವಾಗ ತಳದಲ್ಲಿ ಪೇಪರಿನ ಪೊಟ್ಟಣ ಸಿಕ್ಕಿತು. ಗಾಜನ್ನು ಯಾರಾದರೂ ಸುತ್ತಿ ಎಸೆಯುತ್ತಾರೆಯೇ? ಬಿಚ್ಚಿದಳು. ಕೆಟ್ಟ ಬೆಸುಗೆಗಳು. ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು, ಅಂಚಿನುದ್ದಕ್ಕೂ ಅಲೆ ಅಲೆ. ಕಲಿಯುವವರ ಕೈ. ಅಂದರೆ ಆಗಲೇ ಶುರುವಾಗಿದೆ, ತಾನು ಸಾಮಾನು ತರಲು ಹೋದಾಗ ಆ ಹುಡುಗಿ ಇಲ್ಲಿ, ಇದೇ ಸ್ಟೂಲಿನ ಮೇಲೆ! ಎಲ್ಲವನ್ನೂ ಒಯ್ದು ಅವನ ಮುಂದೆ ಸುರಿಯಬೇಕೆಂದು ಬಾಚಿಕೊಂಡಳು.

ಬಾಚುವಾಗ ಒಂದು ಕೊಳವೆಯ ಮುಚ್ಚಿದ ತುದಿ ಕಣ್ಣಿಗೆ ಬಿತ್ತು. ತುದಿಯಲ್ಲಿ ಸಣ್ಣದೊಂದು ಹನಿ, ಹನಿಯ ಮೇಲೆ ಚಿಮಟದಿಂದ ಒತ್ತಿದ ಚಪ್ಪಟೆ ಗುರುತು. ಇನ್ನೊಂದರಲ್ಲೂ ಅದೇ. ಹಾಗೆ ಮುಗಿಸುವ ಚಾಳಿ ಲೋಕದಲ್ಲಿ ಅವಳಿಗೆ ಗೊತ್ತಿದ್ದಂತೆ ಒಬ್ಬರಿಗೇ ಇತ್ತು. ಅದನ್ನು ಕಂಡು, ಹಣೆಗೆ ಬೊಟ್ಟಿಟ್ಟ ಹಾಗೆ ಯಾಕೆ ಎಂದು ಅವಳೇ ಎಷ್ಟೋ ಸಲ ಗಂಡನನ್ನು ಗೇಲಿ ಮಾಡಿದ್ದಳು.

ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ನಾಜೂಕಿನ ಕೆಲಸವನ್ನೆಲ್ಲ ಇತ್ತೀಚೆಗೆ ಅವನು ಅವಳ ಕಡೆ ತಳ್ಳುತ್ತಿದ್ದುದು, ಸೋಮಾರಿ ಎಂದು ಬೈದರೆ ನಕ್ಕುಬಿಡುತ್ತಿದ್ದುದು, ಎಡಗೈಯನ್ನು ಸದಾ ಜುಬ್ಬದ ಜೇಬಿನಲ್ಲಿ ಇಟ್ಟುಕೊಂಡಿರುವುದು ಒಂದೊಂದಾಗಿ ನೆನಪಾದವು. ಮಧ್ಯಾಹ್ನ ಟೀ ಕೊಟ್ಟು, ಒಲೆಯತ್ತ ತಿರುಗಿದವಳಂತೆ ಮಾಡಿ ಓರೆಗಣ್ಣಿಂದ ನೋಡಿದಳು. ಅವಳ ಬೆನ್ನು ಕಂಡ ಮೇಲೆಯೇ ಅವನು ಲೋಟ ಎತ್ತಿದ್ದು, ಅದೂ ಎರಡೂ ಕೈಯಲ್ಲಿ. ಆದರೂ ಟೀ ತುಳುಕಿತು. ಪಂಚೆಯ ಅಂಚಿನಲ್ಲಿ ಒರೆಸಿ, ಎಡಗೈಯನ್ನು ಮತ್ತೆ ಜೇಬಿಗೆ ಸೇರಿಸಿದ.

ಮರುದಿನ ಮೈದುನ ಸ್ಪ್ಯಾನರ್ ಹಿಡಿದು ಬಂದ. ಬೇರೆ ತಿರುಪು ಕಡೆದು ಈಚೆಗೆ ತಿರುಗುವ ಹಾಗೆ ಮಾಡಿಕೊಡ್ತೀನಿ ಅತ್ತಿಗೆ, ಅಣ್ಣ ಒಪ್ಪಿದ ಎಂದ. ಅಣ್ಣ ಬಾಗಿಲಲ್ಲಿ ನಿಂತಿದ್ದ. ಗುಟ್ಟು ಉಳಿಸಿಕೊಳ್ಳಲು ತನಗೆಂದು ಮಾಡಿಸಿದ ಮೋಟಾರನ್ನೇ ಬಿಟ್ಟುಕೊಡಲು ಹೊರಟಿದ್ದಾನೆ ಮಹಾರಾಯ.

"ಬೇಡ, ಹಾಗೇ ಇರಲಿ. ನನ್ನ ಮಣಿಕಟ್ಟೂ ಇತ್ತೀಚೆಗೆ ನೋಯುತ್ತೆ. ನಾನೇ ಕೈ ಬದಲಿಸ್ಕೊಳ್ತೀನಿ" ಎಂದಳು.

ಅವಳ ಮಣಿಕಟ್ಟು ಕಲ್ಲಿನಂತೆ ಗಟ್ಟಿಯಿತ್ತು. ಗಂಡ ಅವಳನ್ನು ಅನುಮಾನದಿಂದ ನೋಡಿದ, ಏನಾದರೂ ಗೊತ್ತಾಯಿತೇ ಎಂಬಂತೆ. ನೋಡಲಿ, ಅವನ ಸರದಿ. ಅವಳು ಬಣ್ಣದ ಕನ್ನಡಕ ಏರಿಸಿ, ಉರಿ ಹಚ್ಚಿ, ಚಿಕ್ಕ ಕೊಳವೆಯನ್ನು ಆಚೆಗೆ ಉರುಳಿಸತೊಡಗಿದಳು. ಬೆರಳುಗಳು ಮೊಂಡು ಹಸುಗಳಂತೆ ಹಳೆಯ ದಾರಿಗೇ ಎಳೆದವು. ಈ ಕೈ ಪಳಗುವವರೆಗೂ ಪಳಗಿಸುವುದೇ ಎಂದು ಅವಳು ನಿಶ್ಚಯಿಸಿಕೊಂಡಳು. ಕೈ ಸೋತು ಅವನು ಅರ್ಧಕ್ಕೆ ಬಿಟ್ಟ ಬೆಸುಗೆಯನ್ನು ಮುರಿಗೆಯಾಗದಂತೆ ಮುಂದುವರಿಸಲು ಒಬ್ಬರು ಬೇಕಾಗುತ್ತಾರೆ. ಹೇಳಬೇಕು ಅನಿಸಿದ ದಿನ ಅವನೇ ಹೇಳಲಿ. ತಮ್ಮನಿಗೆ ಮೊದಲು ಹೇಳಿದ್ದಕ್ಕೆ ಆ ದಿನ ಜಗಳ ಆಡಿದರಾಯಿತು.