ಎರಡು ಬ್ರೌಸರು, ಎರಡು ಬೇಂದೂರ

ಬ್ರೌಸರುಗಳ ವಿಷಯದಲ್ಲಿ ರುತುಜಾಳಿಗೆ ತುಸು ಗರ್ವವೇ ಇತ್ತು. ಹುಟ್ಟಿ ಬೆಳೆದು ಕಲಿತದ್ದೆಲ್ಲ ಕೊಲ್ಹಾಪುರದಲ್ಲಿ, ಅದೂ ಮರಾಠಿ ಶಾಲೆಯಲ್ಲಿ; ಕನ್ನಡ ನೆರೆಹೊರೆಯಿಂದ ಕಲಿತದ್ದು. ಮದುವೆಯಾದ ಮೇಲೆ ಇಚಲಕರಂಜಿಗೆ ಬಂದು ಕಂಪ್ಯೂಟರ್ ಕ್ಲಾಸೊಂದರಲ್ಲಿ ಪಾಠ ಹೇಳುತ್ತಿದ್ದಳು. ಗಂಡ ಅಮೋಲ ಅದೇ ಊರಿನ ಶಹಾಪುರದಲ್ಲಿ ಪವರ್‌ಲೂಮ್ ಶೆಡ್ಡು ನಡೆಸುವವನು. ಅವನು ಫೈರ್‌ಫಾಕ್ಸ್ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ, ಇವಳಿಗೆ ಕ್ರೋಮ್ ಇಲ್ಲದೆ ಬೆಳಗಾಗುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪು. ವರ್ಷ ತುಂಬದ ಜೋಡಿಗೆ ಜಗಳವಾಡಲು ಏನಾದರೂ ಬೇಕಲ್ಲ, ಇವರಿಗೆ ಅದು ಸಿಕ್ಕಿತ್ತು.

ಅಮೋಲನ ಹಿರಿಯರು ಕರ್ನಾಟಕದ ಗಡಿಗೆ ಹತ್ತಿದ ಗಡಹಿಂಗ್ಲಜ ತಾಲೂಕಿನ ನೇಸರಿಯವರು, ಮನೆಮಾತು ಕನ್ನಡ. ಅಪ್ಪ ಸಿದ್ರಾಮ, ತಾಯಿ ಯಮುನಾಬಾಯಿ ಅಲ್ಲಿ ಕಬ್ಬು ಬೆಳೆದು, ಡೇರಿಗೆ ಹಾಲು ಹಾಕಿ ಸುಖವಾಗಿದ್ದರು. ಆ ಮನೆಯಲ್ಲಿ ಒಂದು ಪದ್ಧತಿ. ಹೊಸದಾಗಿ ಬಂದ ಸೊಸೆ ಮೊದಲ ಬೇಂದೂರಕ್ಕೆ, ಅಂದರೆ ಎತ್ತುಗಳ ಹಬ್ಬಕ್ಕೆ, ತನ್ನ ಕೈಯಾರೆ ಝೂಲು ಹೊಲಿದು ಮನೆಯ ಎತ್ತಿನ ಬೆನ್ನಿಗೆ ಹೊದಿಸಬೇಕು. ಯಮುನಾಬಾಯಿ ಹೊಲಿದ ಝೂಲು ಬಣ್ಣಗೆಟ್ಟರೂ ಇನ್ನೂ ಪೆಟ್ಟಿಗೆಯಲ್ಲಿತ್ತು. ನೇಸರಿಯ ಓಣಿಯಲ್ಲಿ ರುತುಜಾಳಿಗೆ ಇನ್ನೂ ‘ಕೊಲ್ಲಾಪುರದಾಕಿ’ ಎಂದೇ ಹೆಸರು. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಕರೆಯುತ್ತಿರಲಿಲ್ಲ, ಆದರೂ ಅವಳಿಗೆ ಅದು ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ. ಝೂಲು ಹೊದಿಸಿದ ದಿನ ಆ ಹೆಸರು ಹೋಗಿ ತಾನು ಆ ಮನೆಯವಳಾಗುತ್ತೇನೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಅತ್ತೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಬೇಂದೂರಕ್ಕ ಝೂಲಾ ಮರೀಬ್ಯಾಡ ಯವ್ವಾ.” ತಾರೀಖು ಹೇಳಲಿಲ್ಲ. ಬೇಂದೂರ ಯಾವಾಗ ಎಂದು ನೇಸರಿಯಲ್ಲಿ ಕೂಸಿಗೂ ಗೊತ್ತು. ಕೇಳಿದರೆ ಪೇಟೆಯವಳು ಎಂದಾರೆಂದು ರುತುಜಾ ಕೇಳಲೂ ಇಲ್ಲ. ಕ್ರೋಮಿನಲ್ಲಿ ಪಂಚಾಂಗದ ತಾಣವೊಂದನ್ನು ತೆರೆದು ನೋಡಿಕೊಂಡಳು. ಬೇಕಾದಷ್ಟು ದಿನಗಳಿದ್ದವು. ಅಮೋಲನ ಶೆಡ್ಡಿನದೇ ಗಟ್ಟಿ ಬಟ್ಟೆ ತಂದು, ಒಂದು ಮಗ್ಗುಲಿಗೆ ಕಸೂತಿಯ ಬಳ್ಳಿ ತೆಗೆದು, ಕನ್ನಡಿ ಚೂರು ಕೂರಿಸಿ, ಅಂಚಿಗೆ ಗೊಂಡೆ ಕಟ್ಟಿದಳು. ಇನ್ನೊಂದು ಮಗ್ಗುಲಿಗೆ ಸುಣ್ಣದ ಕಡ್ಡಿಯಿಂದ ಬಳ್ಳಿಯ ಗೆರೆ ಎಳೆದು, ನಿಧಾನವಾಗಿ ಹೊಲಿದರಾಯಿತೆಂದು ಮಡಿಸಿಟ್ಟಳು.

ಒಂದು ಮುಂಜಾನೆ ಅವಳು ಆ ದಿನದ ಪಾಠಕ್ಕೆ ತಯಾರಿ ನಡೆಸಿದ್ದಳು. ಬ್ರೌಸರುಗಳ ಹೋಲಿಕೆಯೇ ಪಾಠ. ಅಮೋಲ ಚಹಾ ಕುಡಿಯುತ್ತ ಪಕ್ಕದಲ್ಲೇ ಕೂತಿದ್ದ.

“ಆ ಕಡೆ ಕಂಪ್ಯೂಟರಿಂದ ಬರೂದು ಬರೇ ಅಕ್ಷರ ನೋಡ್ರಿ,” ಎಂದು ಅವನನ್ನೇ ವಿದ್ಯಾರ್ಥಿ ಮಾಡಿಕೊಂಡಳು. “ಶೀರ್ಷಿಕೆ ಇಲ್ಲಿಡು, ಚಿತ್ರ ಅಲ್ಲಿಡು ಅಂತ ಬರದಿರ್ತೈತಿ. ಅದನ್ನ ಓದಿ ಪುಟಾ ಕಟ್ಟೂದು ಬ್ರೌಸರಿನ ಒಳಗಿನ ಎಂಜಿನ್ನು. ನಿಮ್ಮದರ ಎಂಜಿನ್ ಬ್ಯಾರೆ, ನಂದರದು ಬ್ಯಾರೆ. ಆದ್ರ ಪುಟಾ ಒಂದ. ಒಂದ ಡಿಸೈನ್ ಎರಡು ಮಗ್ಗಕ್ಕ ಹಾಕಿದಂಗ.”

“ಎರಡು ಮಗ್ಗದಾಗ ನೇಯ್ದ ಅರಿವಿ ಒಂದ ಥರಾ ಎಂದೂ ಬರೂದಿಲ್ಲ,” ಎಂದ ಅಮೋಲ. “ಒಂದರ ಅಂಚು ಬಿಗಿ, ಒಂದರದು ಸಡಲ.”

ತೋರಿಸಿಯೇ ಬಿಡುತ್ತೇನೆಂದು ಅವಳು ಪಂಚಾಂಗದ ಅದೇ ವಿಳಾಸವನ್ನು ಎರಡರಲ್ಲೂ ತೆರೆದು ಅಕ್ಕಪಕ್ಕ ಇಟ್ಟಳು. ಕ್ರೋಮಿನಲ್ಲಿ ಮರಾಠಿ, ಫೈರ್‌ಫಾಕ್ಸಿನಲ್ಲಿ ಕನ್ನಡ. ಭಾಷೆ ಬೇರೆಯಾದರೇನು, ವಿಷಯ ಒಂದೇ ಎನ್ನುವಷ್ಟರಲ್ಲಿ ಕಣ್ಣು ಬೇಂದೂರದ ಮೇಲೆ ಬಿತ್ತು. ಕ್ರೋಮ್ ಪ್ರಕಾರ ಹಬ್ಬ ಮುಂದಿನ ತಿಂಗಳು, ಫೈರ್‌ಫಾಕ್ಸ್ ಪ್ರಕಾರ ನಾಳೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

“ನಿಮ್ಮದು ಹಳೇ ಪುಟದ ನಕಲು ಇಟಗೊಂಡು ಅದನ್ನ ತೋರಸಾಕತ್ತೈತಿ,” ಎಂದು ರುತುಜಾ ಫೈರ್‌ಫಾಕ್ಸಿನ ಹೊಟ್ಟೆಯಲ್ಲಿದ್ದ ಹಳೆಯ ನಕಲುಗಳನ್ನೆಲ್ಲ ಅಳಿಸಿ ಮತ್ತೆ ತೆರೆದಳು. ಅದು ಮತ್ತೆ ನಾಳೆಯನ್ನೇ ತೋರಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಆಮೇಲೆ ಎರಡರ ಸೆಟ್ಟಿಂಗುಗಳನ್ನೂ ತೆರೆದು ನೋಡಿದಳು. ಯಾವುದೇ ಪುಟ ಕೇಳಲು ಹೋದಾಗ ಬ್ರೌಸರು, ನಮ್ಮವರಿಗೆ ಇಂಥ ಭಾಷೆ ಇಷ್ಟ ಎಂದು ಮೊದಲೇ ಹೇಳಿಬಿಡುತ್ತದೆ. ತಾಯಿ ಬಂದಾಗ ಓದಲೆಂದು ಅಮೋಲ ತನ್ನದಕ್ಕೆ ಕನ್ನಡ ಹಾಕಿದ್ದ, ಇವಳದು ಮರಾಠಿ. ಕನ್ನಡ ಕೇಳಿದವರಿಗೆ ತಾಣ ಕನ್ನಡಿಗರ ಹಬ್ಬಗಳ ಪುಟ ಕೊಟ್ಟಿತ್ತು, ಮರಾಠಿ ಕೇಳಿದವರಿಗೆ ಮರಾಠಿಗರದು. ಬ್ರೌಸರುಗಳ ತಪ್ಪೇನೂ ಇರಲಿಲ್ಲ. ಎರಡೂ ತಮ್ಮ ತಮ್ಮ ಯಜಮಾನರ ಗುರುತನ್ನು ನೆಟ್ಟಗೇ ಹೇಳಿದ್ದವು.

ತವರಿನಲ್ಲಿ ಮಾಡುತ್ತಿದ್ದದ್ದು ಮಹಾರಾಷ್ಟ್ರೀಯ ಬೇಂದೂರ. ನೇಸರಿಯ ಮನೆಯದು ಕರ್ನಾಟಕಿ ಬೇಂದೂರ, ಅದು ಒಂದು ತಿಂಗಳು ಮೊದಲೇ ಬರುತ್ತದೆ. ಹೊರಗಿನವರು ಅದನ್ನು ಕರ್ನಾಟಕಿ ಎನ್ನುತ್ತಾರೆ. ಅತ್ತೆಗೆ ಅದು ಬರೀ ಬೇಂದೂರ. ರುತುಜಾ ಅಮೋಲನ ಕಡೆ ತಿರುಗಿದಳು.

“ನೀವರೆ ಹೇಳಬಾರದೇನ್ರಿ?”

“ನಾಳೆ ನೇಸರಿಗೆ ಹೋಗೂಣು ಅಂದಿದ್ದೆನಲ್ಲ. ಗೊತ್ತ ಐತಿ ಅಂದಕೊಂಡೆ.”

“ಸುಮ್ಮ ಭೆಟ್ಟಿಗೆ ಅಂತ ತಿಳದಿದ್ದೆ.” ಅಳು ಬರುವಂತಾಗಿ ಅವಳು ಲ್ಯಾಪ್‌ಟಾಪು ಮುಚ್ಚಿದಳು.

ಆ ದಿನ ಕ್ಲಾಸಿಗೆ ರಜೆ ಹಾಕಿ ಕೂತು ಹೊಲಿದಳು. ಕೈಕೆಲಸ ಅವಸರ ಕೇಳುವುದಿಲ್ಲ. ಸಂಜೆಗೆ ಒಂದು ಮೂಲೆ ಮುಗಿದಿತ್ತು ಅಷ್ಟೇ. ಮರುದಿನ ಎಸ್‌ಟಿ ಬಸ್ಸಿನಲ್ಲೂ ಝೂಲನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿದಳು, ಅಮೋಲ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟ. ಗಡಹಿಂಗ್ಲಜ ದಾಟಿದ ಮೇಲೆ ರಸ್ತೆಯ ಕುಲುಕಾಟಕ್ಕೆ ಬೆರಳು ಚುಚ್ಚಿಕೊಂಡು ಕೈಬಿಟ್ಟಳು. ಒಂದು ಮಗ್ಗುಲು ಫಳಫಳ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ಹೆಚ್ಚಿನದೆಲ್ಲ ಸುಣ್ಣದ ಗೆರೆ.

ಮನೆಯ ಎತ್ತು ಸರ್ಜ್ಯಾನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸಿದ್ದರು. ರುತುಜಾ ಯಾವುದನ್ನೂ ಮುಚ್ಚಿಡಲಿಲ್ಲ. ಝೂಲಿನ ಎರಡೂ ಮಗ್ಗುಲು ಬಿಡಿಸಿ ತೋರಿಸಿ, ಕಂಪ್ಯೂಟರಿನಲ್ಲಿ ತಾನು ತವರಿನ ಬೇಂದೂರ ನೋಡಿಕೊಂಡು ಕೂತಿದ್ದನ್ನು ಹೇಳಿದಳು. ಸಿದ್ರಾಮ ಮೀಸೆಯ ಅಡಿಯಲ್ಲಿ ನಕ್ಕು ಎತ್ತಿನ ಕಡೆ ತಿರುಗಿದ. ಯಮುನಾಬಾಯಿ ಸುಣ್ಣದ ಗೆರೆಯ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ರುತುಜಾ ನೆಲ ನೋಡುತ್ತ ನಿಂತಳು.

“ನಿಮ್ಮವ್ವನ ಮನ್ಯಾಗ ಬೇಂದೂರ ಯಾವಾಗಂದಿ?”

“ಮುಂದಿನ ತಿಂಗಳರಿ ಅತ್ತಿ.”

“ಹಂಗಾದ್ರ ಈ ಮಗ್ಗಲಾ ಅವತ್ತಿಗೆ ಮುಗಸು. ಅವತ್ತೂ ಸರ್ಜ್ಯಾಗ ಹೋಳಗಿ ಮಾಡೂಣು. ನಿಮ್ಮವ್ವಗೂ ಬಾ ಅಂತ ಹೇಳು.”

“ಈ ಮನ್ಯಾಗ ಆ ಬೇಂದೂರ ಇಲ್ಲಲ್ರಿ.”

“ಇರಲಿಲ್ಲ,” ಎಂದಳು ಯಮುನಾಬಾಯಿ. “ನಿನ್ನ ಜೋಡಿ ಬಂತಲ್ಲ.”

ಕೊಲ್ಹಾಪುರವನ್ನು ಕಳಚಿಟ್ಟರೆ ಮಾತ್ರ ಈ ಮನೆಯವಳಾಗುತ್ತೇನೆ ಎಂಬುದು ರುತುಜಾ ತಾನೇ ಕಟ್ಟಿಕೊಂಡಿದ್ದ ಲೆಕ್ಕವಾಗಿತ್ತು. ಆ ಮಾತನ್ನು ಅತ್ತೆ ಒಮ್ಮೆಯೂ ಆಡಿರಲಿಲ್ಲ ಎಂಬುದು ಈಗ ನೆನಪಾಯಿತು. ಝೂಲನ್ನು ಎರಡೂ ಕೈಯಿಂದ ಎತ್ತಿ ಸರ್ಜ್ಯಾನ ಬೆನ್ನ ಮೇಲೆ ಹೊದಿಸಿದಳು. ಅದು ಬಾಲ ಬೀಸಿ ಸುಮ್ಮನೆ ನಿಂತಿತು.

ಸಂಜೆಯ ಬಿಸಿಲಿನಲ್ಲಿ ಊರಿನ ಎತ್ತುಗಳೆಲ್ಲ ಮೆರವಣಿಗೆ ಹೊರಟವು. ಕನ್ನಡಿಗಳ ಮಗ್ಗುಲಿಗೆ ರುತುಜಾ ನಡೆದಳು. ಯಮುನಾಬಾಯಿ ಬೇಕೆಂದೇ ಸುಣ್ಣದ ಗೆರೆಯ ಮಗ್ಗುಲಿಗೆ ಹೋಗಿ, ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಡೆಯತೊಡಗಿದಳು. ಕಟ್ಟೆಯ ಮೇಲೆ ಕೂತ ಮುದುಕಿಯೊಬ್ಬಳು, “ಇದೇನ ಯಮುನಾ, ಅರ್ಧಾ ಝೂಲಾ?” ಎಂದು ಕೇಳಿದಳು.

“ಅರ್ಧಾ ಅಲ್ಲಬೇ,” ಎಂದಳು ಅತ್ತೆ, ನಿಲ್ಲದೆ. “ಈ ಮಗ್ಗಲಾ ನಮ್ಮ ಇನ್ನೊಂದು ಬೇಂದೂರಕ್ಕ.”